ಪೆನ್ನಪ್ಪ ಹೊಡೆದುಹಾಕಿದ ಎರಡು ಸಾಲು

ಎಂಟು ತಿಂಗಳಿಂದ ಆ ಮನೆಯಲ್ಲಿ ಗಂಡ ಹೆಂಡತಿಗೆ ಮಾತಿಲ್ಲ. ಆದರೂ ದಿನಕ್ಕೆ ಆರು ಗಂಟೆ ಹೆಂಡತಿ ಗಂಡನೆದುರು ಕೂತು ಗಟ್ಟಿಯಾಗಿ ಓದುತ್ತಿದ್ದಳು. ಇದೇನು ಹುಚ್ಚು ಅನ್ನಬೇಡಿ, ಅದು ಅವರ ಹೊಟ್ಟೆಪಾಡು. ಅಚ್ಚಿಗೆ ಹೋಗುವ ಪುಸ್ತಕಗಳ ಪ್ರೂಫ್ ತಿದ್ದುವುದು ಅವನ ಕೆಲಸ. ಲೇಖಕರು ಬರೆದುಕೊಟ್ಟ ಮೂಲಪ್ರತಿ ಅವಳ ಕೈಯಲ್ಲಿ, ಪ್ರೆಸ್ಸಿನಿಂದ ಬಂದ ಪ್ರೂಫ್ ಅವನ ಮುಂದೆ. ಅವಳು ಕಾಮಾ, ಫುಲ್‌ಸ್ಟಾಪ್ ಸಮೇತ ಓದುತ್ತ ಹೋಗಬೇಕು, ಅವನು ಕೆಂಪು ಪೆನ್ನಿನ ತುದಿಯನ್ನು ಸಾಲಿನ ಕೆಳಗೆ ಓಡಿಸುತ್ತ ಹೋಗಬೇಕು. ಎಲ್ಲಿ ತಾಳೆಯಾಗಲಿಲ್ಲವೋ ಅಲ್ಲಿ ಗುರುತು. ಮೂವತ್ತೊಂದು ವರ್ಷದಿಂದ ಇದೇ ಮೇಜು, ಇದೇ ಕಿಟಕಿ, ಇದೇ ಎರಡು ಕುರ್ಚಿ.

ಪ್ರೆಸ್ಸಿನವರು ಅವನಿಗಿಟ್ಟ ಹೆಸರು ಪೆನ್ನಪ್ಪ. ಸುಮ್ಮನೆ ಇಟ್ಟದ್ದಲ್ಲ. ಔಷಧಿಯ ಚೀಟಿ ಕೊಟ್ಟರೆ ಮಾತ್ರೆ ಎಷ್ಟು ಅಂತ ನೋಡುವ ಮೊದಲು ತಪ್ಪು ಎಷ್ಟು ಅಂತ ನೋಡುವ ಆಸಾಮಿ. ಬಸ್ಸಿನ ಹಿಂದೆ ಬರೆದದ್ದನ್ನು ಓದುತ್ತ ನಿಂತು ಬಸ್ಸು ತಪ್ಪಿಸಿಕೊಂಡವನು. ಅವನು ಹೊಡೆದುಹಾಕಿದ್ದನ್ನು ಮತ್ತೆ ಉಳಿಸಿಕೊಳ್ಳಬೇಕಾದರೆ ಅದಕ್ಕೂ ಒಂದು ಗುರುತಿದೆ: ಹೊಡೆದ ಸಾಲಿನ ಕೆಳಗೆ ಉದ್ದಕ್ಕೂ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಅಂತ ಬರೆಯಬೇಕು. ತಪ್ಪಾಗಿ ಹೊಡೆದೆ, ಮೊದಲಿದ್ದ ಹಾಗೇ ಇರಲಿ ಅಂತ ಅರ್ಥ. ಮೂವತ್ತೊಂದು ವರ್ಷದಲ್ಲಿ ತಾನು ಚುಕ್ಕಿ ಇಟ್ಟದ್ದು ಬೆರಳೆಣಿಕೆಯಷ್ಟು ಸಲ ಅಂತ ಅವನಿಗೆ ಬಲು ಹೆಮ್ಮೆ. ಆ ಹೆಮ್ಮೆಯೇ ಅವನ ಮನೆ ಹಾಳು ಮಾಡಿತು ಅನ್ನಿ.

ಆದದ್ದಿಷ್ಟು. ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಏಳು ವರ್ಷಕ್ಕೆ ಅವಳ ಸಂಸಾರ ಸೋತುಹೋಯಿತು. ಹೊಡೆತ ಬಡಿತ ಏನಿಲ್ಲ. ಆ ಮನೆಯಲ್ಲಿ ಅವಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನುವ ಹಾಗಾಗಿತ್ತು. ಅಪ್ಪನಿಗೆ ಫೋನು ಮಾಡಿದರೆ ಅವನು ‘ಹೂಂ’ ಅನ್ನುತ್ತಾನೆ, ಆಮೇಲೆ ‘ಅಮ್ಮನಿಗೆ ಕೊಡ್ತೀನಿ’ ಅನ್ನುತ್ತಾನೆ, ಅಷ್ಟೇ. ಅದಕ್ಕೆ ಅವಳು ಕಾಗದ ಬರೆದಳು. ನಾಲ್ಕು ಪುಟ. ಮೊದಲ ಪುಟದ ಕೊನೆಗೆ, ‘ಅಪ್ಪ, ನನಗೆ ಸಾಕಾಗಿದೆ. ಮನೆಗೆ ಬಂದುಬಿಡಲಾ?’ ಎರಡನೇ ಪುಟದ ನಡುವೆ ಮತ್ತೆ ಅದೇ, ‘ಅಪ್ಪ, ನನಗೆ ಸಾಕಾಗಿದೆ. ಮನೆಗೆ ಬಂದುಬಿಡಲಾ?’ ನಾಲ್ಕನೇ ಪುಟದ ಕೊನೆಗೆ ಮತ್ತೊಮ್ಮೆ ಅದೇ.

ಪೆನ್ನಪ್ಪ ಅದನ್ನು ಓದಿದ್ದು ಕೆಲಸದ ಮೇಜಿನ ಮೇಲೆ, ಕೆಲಸದ ನಡುವೆ, ಪೆನ್ನು ಕೈಯಲ್ಲಿದ್ದಾಗ. ಓದುತ್ತ ಓದುತ್ತ ಅವನಿಗೆ ಕಣ್ಣು ಮಂಜಾಯಿತು, ಅದು ಸುಳ್ಳಲ್ಲ. ಆದರೆ ಕೈ ಯಾರ ಮಾತು ಕೇಳುತ್ತೆ? ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಮೊದಲನೇದನ್ನು ಬಿಟ್ಟು ಎರಡನೇದು, ಮೂರನೇದು ಎರಡನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿ, ಅಂಚಿನಲ್ಲಿ ‘ಪುನರುಕ್ತಿ’ ಅಂತ ಬರೆಯಿತು. ಒಂದೇ ಮಾತು ಮತ್ತೆ ಮತ್ತೆ ಬಂದರೆ ಅವನು ಬರೆಯುವುದು ಅದನ್ನೇ.

ಆಮೇಲೆ ಉತ್ತರ ಬರೆಯಲು ಕೂತ. ‘ಬಾ ಮಗಳೇ’ ಅಂತ ಬರೆಯಲು ಎಷ್ಟು ಹೊತ್ತು ಬೇಕು? ನಮಗೆ ನಿಮಗೆ ಅರೆನಿಮಿಷ. ಅವನು ನಾಲ್ಕು ದಿನ ತಗೊಂಡ. ಬರೆದ, ತಿದ್ದಿದ, ತಿದ್ದಿದ್ದನ್ನು ಮತ್ತೆ ತಿದ್ದಿದ, ಹರಿದು ಬುಟ್ಟಿಗೆ ಹಾಕಿದ. ಐದನೇ ದಿನ ಉತ್ತರಕ್ಕೆ ಕಾಯಲಾರದೆ ಮಗಳೇ ಚೀಲ ಹಿಡಿದು ಬಂದಳು. ಅಪ್ಪ ಪ್ರೆಸ್ಸಿಗೆ ಹೋಗಿದ್ದ. ಅಮ್ಮ ಟೀ ಮಾಡಲು ಒಳಗೆ ಹೋದಳು. ಮಗಳು ಅಪ್ಪನ ಕುರ್ಚಿಯಲ್ಲಿ ಕೂತಳು, ಎದುರಿಗೇ ಗಾಜಿನ ಗುಂಡಿನ ಕೆಳಗೆ ಅವಳ ಕಾಗದ ಇತ್ತು.

ಅಮ್ಮ ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. “ಅಮ್ಮ, ಅಪ್ಪ ನನ್ನ ಕಾಗದಾನ ತಿದ್ದಿಟ್ಟಿದಾನೆ” ಅಂದಳು, ನಗುವವಳ ಹಾಗೆ. ಚೀಲದ ಜಿಪ್ಪು ಕೂಡ ತೆಗೆಯದೆ ಮೆಟ್ಟಿಲಿಳಿದು ಹೋದಳು. ಪೆನ್ನಪ್ಪ ಮನೆಗೆ ಬಂದಾಗ ಎರಡೂ ಲೋಟದ ಟೀ ಕೆನೆಗಟ್ಟಿ ಮೇಜಿನ ಮೇಲೆ ಕೂತಿತ್ತು. ಹೆಂಡತಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಕೊನೆಗೆ, “ಇನ್ಮೇಲೆ ನನ್ನ ಮಾತನ್ನೂ ನೀವು ತಿದ್ದೋದು ಬೇಡ” ಅಂದಳು. ಅವತ್ತಿಗೆ ಬಾಯಿ ಮುಚ್ಚಿದವಳು ಓದಲು ಬಿಟ್ಟರೆ ಮತ್ತೆ ತೆರೆಯಲಿಲ್ಲ.

ಅವನೇನು ಕಲ್ಲೇ? ಮಗಳಿಗೆ ಫೋನು ಮಾಡಿದ. “ಅದು ಅಭ್ಯಾಸಬಲದಿಂದ ಆದದ್ದು” ಅಂದ. “ಗೊತ್ತಪ್ಪ” ಅಂದಳು ಅವಳು, ಇಟ್ಟುಬಿಟ್ಟಳು. ಇನ್ನೆರಡು ಸಲ ಮಾಡಿದ, ಅವಳು ಎತ್ತಲಿಲ್ಲ. ಮೂರು ಗಂಟೆ ದಾರಿಯ ಇನ್ನೊಂದು ಊರಲ್ಲಿ ಒಂದು ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಾಳೆ, ಒಂದು ಕೋಣೆ ಹಿಡಿದಿದ್ದಾಳೆ ಅಂತ ಅವನಿಗೆ ಗೊತ್ತಾದದ್ದು, ಹೆಂಡತಿ ಭಾನುವಾರ ಮೆಟ್ಟಿಲ ಮೇಲೆ ನಿಂತು ಫೋನಲ್ಲಿ ಮಾತಾಡುವುದನ್ನು ಕಿಟಕಿಯಿಂದ ಕದ್ದು ಕೇಳಿ.

ಹೀಗಿರುವಾಗ ಬಂತು ಆ ಪುಸ್ತಕ. ಯಾವುದೋ ಹಿಮದ ಸೀಮೆಯ ಹಳೇ ದೇವರುಗಳ ಕತೆ. ‘ಉತ್ತರದ ದೇವರುಗಳು: ಹೊಸಬರಿಗೊಂದು ಪರಿಚಯ’. ಇನ್ನೂರ ಎಂಬತ್ತು ಪುಟ. ಬರೆದವರು ನಿವೃತ್ತ ಮೇಷ್ಟರು, ಗುಂಡು ಗುಂಡು ಅಕ್ಷರ. “ಬೇಗ ಬೇಕು, ಆದ್ರೆ ಅವಸರ ಮಾಡಬೇಡಿ” ಅಂತ ಪ್ರೆಸ್ಸಿನ ಯಜಮಾನ ಎಂದಿನಂತೆ ಹೇಳಿ ಕಟ್ಟು ಇಟ್ಟು ಹೋದ.

ಮೊದಲ ದಿನವೇ ಇಬ್ಬರಿಗೂ ಸಾಕುಸಾಕಾಯಿತು. ಆ ಹೆಸರುಗಳೋ, ನಾಲಿಗೆಗೆ ಕಲ್ಲು ಸಿಕ್ಕಿದ ಹಾಗೆ. ಒಂದೊಂದನ್ನೂ ಅವಳು ಅಕ್ಷರ ಅಕ್ಷರ ಬಿಡಿಸಿ ಓದಬೇಕು, ಅವನು ಬೆರಳಿಟ್ಟು ನೋಡಬೇಕು. ಅವಳಿಗೆ ಗಂಟಲು ಒಣಗಿ ಕೆಮ್ಮು. ಅವನಿಗೆ ಬಲಗಣ್ಣಲ್ಲಿ ಪೊರೆ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು.

“ದೇವರುಗಳಿಗೆಲ್ಲ ಹಿರಿಯ ಓಡಿನ್ ಫುಲ್‌ಸ್ಟಾಪ್” ಅಂತ ಅವಳು ಓದಿದಳು. “ಜ್ಞಾನದ ಬಾವಿಯಿಂದ ಒಂದು ಗುಟುಕು ನೀರಿಗಾಗಿ ಕಾಮಾ ಆತ ತನ್ನ ಒಂದು ಕಣ್ಣನ್ನೇ ಕಿತ್ತು ಕೊಟ್ಟ ಫುಲ್‌ಸ್ಟಾಪ್.”

ನನ್ನದೂ ಒಂದು ಹೋಗ್ತಾ ಇದೆ, ಜ್ಞಾನ ಮಾತ್ರ ಎಲ್ಲೂ ಕಾಣೆ ಅಂದುಕೊಂಡ ಪೆನ್ನಪ್ಪ. ಮೊದಲಾಗಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಈಗ ಹೇಳಿ ಯಾರು ನಗಬೇಕು? ಪುಟ ತಿರುಗಿಸಿದ.

ಆ ದೇವರುಗಳ ಲೋಕಕ್ಕೆಲ್ಲ ಒಂದೇ ಮರವಂತೆ. ಅದರ ಕೊಂಬೆಗಳ ಮೇಲೆ, ಬೇರುಗಳ ಸಂದಿಯಲ್ಲಿ ಒಂಬತ್ತು ಲೋಕ. ತುದಿಯಲ್ಲಿ ಹದ್ದು, ಬುಡದಲ್ಲಿ ಬೇರು ಕಡಿಯುವ ಘಟಸರ್ಪ. ಅವೆರಡಕ್ಕೂ ಆಗಿಬರುವುದಿಲ್ಲ. ಒಂದು ಅಳಿಲು ಬೆಳಗಿನಿಂದ ಸಂಜೆವರೆಗೆ ಹತ್ತುತ್ತ ಇಳಿಯುತ್ತ, ಇದರ ಬೈಗುಳ ಅದಕ್ಕೆ, ಅದರ ಬೈಗುಳ ಇದಕ್ಕೆ ಮುಟ್ಟಿಸುತ್ತಂತೆ. ಇದನ್ನು ಹೆಂಡತಿ ಎಷ್ಟು ನಿಧಾನಕ್ಕೆ, ಎಷ್ಟು ಒತ್ತಿ ಓದಿದಳೆಂದರೆ ಪೆನ್ನಪ್ಪನ ಕಿವಿ ಬಿಸಿಯಾಯಿತು. ಅವರ ಮನೆಯ ಅಳಿಲು ಪ್ರೆಸ್ಸಿನ ಯಜಮಾನ. “ನಿಮ್ಮ ಅಕ್ಕನ್ನ ಕೇಳಪ್ಪ, ನನ್ನ ಚಾಳೀಸು ಎಲ್ಲಿಟ್ಟಿದಾಳೆ ಅಂತ.” “ನಿಮ್ಮ ಭಾವನಿಗೆ ಹೇಳು, ಹಣೆ ಮೇಲೇ ಇದೆ ಅಂತ.” ಪಾಪ, ಆ ಯಜಮಾನ ಪ್ರೂಫ್ ಕೊಡಲು ಬಂದರೂ ಬಾಗಿಲಲ್ಲೇ ನಿಂತು ಓಡುತ್ತಿದ್ದ.

ನಾಲ್ಕನೇ ದಿನ ಥಾರ್ ಬಂದ. ಸುತ್ತಿಗೆ ಬೀಸಿದರೆ ಗುಡುಗು ಹುಟ್ಟುವಂಥ ದೇವರು. ದೈತ್ಯರ ಅರಮನೆಯಲ್ಲಿ ಅವನನ್ನು ಒಬ್ಬ ಮುದುಕಿಯ ಜೊತೆ ಕುಸ್ತಿಗೆ ಬಿಟ್ಟರು. ಏನು ಮಾಡಿದರೂ ಮುದುಕಿ ಅಲ್ಲಾಡಲಿಲ್ಲ, ಥಾರ್‌ನಂಥ ಥಾರ್ ಒಂದು ಮೊಣಕಾಲೂರಿದ. ಆ ಮುದುಕಿ ಬೇರೆ ಯಾರೂ ಅಲ್ಲ, ಮುಪ್ಪು. ಅಷ್ಟು ಓದಿ ಹೆಂಡತಿ ನೀರು ಕುಡಿದಳು. ಲೋಟವನ್ನು ಅವಳು ಎರಡು ಕೈಯಲ್ಲೂ ಹಿಡಿದದ್ದನ್ನು ಪೆನ್ನಪ್ಪ ನೋಡಿದ. ಅವಳಿಗೂ ಅರವತ್ತು ದಾಟಿತಲ್ಲ ಅಂತ ಯಾಕೋ ಆಗಷ್ಟೇ ಗೊತ್ತಾದವನ ಹಾಗೆ ಬೆಚ್ಚಿದ. ಈ ದೇವರುಗಳ ಮೇಲೆ ಅವನಿಗೆ ಒಂಥರಾ ಅಕ್ಕರೆ ಬಂತು. ಇವರೂ ದಣಿಯುತ್ತಾರೆ, ಸೋಲುತ್ತಾರೆ. ಕೊನೆಗೊಂದು ಮಹಾಯುದ್ಧದಲ್ಲಿ ತಾವೆಲ್ಲ ಸಾಯುವವರೇ ಅಂತ ಗೊತ್ತಿದ್ದೂ ಬೆಳಗಾದರೆ ಎದ್ದು ತಂತಮ್ಮ ಕೆಲಸಕ್ಕೆ ಹೋಗುತ್ತಾರೆ.

ಭಾನುವಾರ ಹೆಂಡತಿ ಮೆಟ್ಟಿಲ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ನಿಂತಳು. ಪೆನ್ನಪ್ಪ ಕಿಟಕಿಗೆ ಕಿವಿ ಕೊಟ್ಟ. “ಮೂರು ವರ್ಷಕ್ಕಾ? ... ಒಂದ್ಸಲ ಯೋಚನೆ ಮಾಡೇ ... ಸರಿ ಕಣೆ. ಸರಿ. ನಿನ್ನಿಷ್ಟ.” ಒಳಗೆ ಬಂದವಳು ಅವನ ಕಡೆ ನೋಡಲಿಲ್ಲ. ಒಲೆಯ ಮುಂದೆ ನಿಂತು, ಒಲೆಗೇ ಹೇಳುವ ಹಾಗೆ ಹೇಳಿದಳು: “ಶುಕ್ರವಾರ ವ್ಯಾನ್ ಕಳಿಸ್ತಾಳಂತೆ. ಅವಳ ಅಲಮಾರಿ, ಮಂಚ, ಹೊಲಿಗೆ ಮೆಷಿನ್ನು ಎಲ್ಲ ತರಿಸ್ಕೋತಾಳಂತೆ. ಆ ರೂಮಿಗೆ ಮೂರು ವರ್ಷದ ಕರಾರಿಗೆ ಸಹಿ ಹಾಕ್ತಾಳಂತೆ. ಮನೆ ಮನೆ ಅಂತ ಕಾದು ಸಾಕಾಯ್ತಂತೆ.”

ಒಲೆ ಏನು ಉತ್ತರ ಕೊಡುತ್ತೆ? ಪೆನ್ನಪ್ಪ ಎದ್ದು ಹಿಂದಿನ ಕೋಣೆಗೆ ಹೋದ. ಮಗಳ ಕಬ್ಬಿಣದ ಅಲಮಾರಿ, ಬಾಗಿಲ ಮೇಲೆ ಅವಳು ಸ್ಕೂಲಿನಲ್ಲಿದ್ದಾಗ ಅಂಟಿಸಿದ ಚಿತ್ರಗಳ ಗೋಂದಿನ ಕಲೆ. ಮಂಚದ ಮೇಲೆ ಸುತ್ತಿಟ್ಟ ಹಾಸಿಗೆ. ಇವಿಷ್ಟು ಇರುವವರೆಗೆ ಅವಳು ಎಂದಾದರೂ ಬರುವವಳು. ಇವು ಹೋದರೆ ಮುಗಿಯಿತು, ಅವಳಿಗೆ ಈ ಮನೆಯಲ್ಲಿ ಬರಲು ಜಾಗ ಕೂಡ ಇರುವುದಿಲ್ಲ. ಅವನು ಮಂಚದ ಮೇಲೆ ಕೂತ, ಫೋನು ತೆಗೆದ, ಹೆಸರು ಒತ್ತುವ ಮೊದಲು ಏನು ಹೇಳಬೇಕು ಅಂತ ಮನಸ್ಸಲ್ಲೇ ಬರೆದುಕೊಂಡ. ಬರೆದದ್ದು ಸರಿಯಿಲ್ಲ ಅನ್ನಿಸಿತು. ತಿದ್ದಿದ. ತಿದ್ದುತ್ತ ಕತ್ತಲಾಯಿತು, ಫೋನು ಜೇಬಿಗೆ ವಾಪಸ್ಸು ಹೋಯಿತು. ಹಣೆ ಚಚ್ಚಿಕೊಳ್ಳಬೇಕು ಇಂಥವರನ್ನು ನೋಡಿ.

ಬುಧವಾರ ಬಾಲ್ಡರನ ಅಧ್ಯಾಯ. ಬೆಳಗಿನಿಂದ ಇಬ್ಬರಿಗೂ ಸುಸ್ತು. ಹೆಂಡತಿ ಮೂಲಪ್ರತಿಯ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೇ ದನಿಯಲ್ಲಿ ಓದಿದಳು. ಬಾಲ್ಡರ್ ದೇವರುಗಳಲ್ಲೆಲ್ಲ ಚೆಲುವ, ಎಲ್ಲರಿಗೂ ಬೇಕಾದವನು. ಅವನಿಗೆ ಸಾವಿನ ಕನಸು ಬಿತ್ತು. ಅವನ ತಾಯಿ ಫ್ರಿಗ್ ಹೆದರಿ ಬೆಂಕಿ, ನೀರು, ಕಬ್ಬಿಣ, ಕಲ್ಲು, ಮರ, ರೋಗ, ಮೃಗ, ಹಾವು, ಎಲ್ಲದರ ಹತ್ತಿರವೂ ಹೋಗಿ ‘ನನ್ನ ಮಗನಿಗೆ ನೋವು ಮಾಡಲ್ಲ’ ಅಂತ ಆಣೆ ತಗೊಂಡಳು. ಮರದ ಮೇಲೆ ಬೆಳೆಯುವ ಬದನಿಕೆ ಅನ್ನುವ ಒಂದು ಎಳೇ ಗಿಡವನ್ನು ಮಾತ್ರ, ಇದೇನು ಮಾಡೀತು ಅಂತ ಬಿಟ್ಟಳು. ಕಿತಾಪತಿಯ ಲೋಕಿಗೆ ಅದು ಗೊತ್ತಾಯಿತು. ಆ ಗಿಡದ ಕಡ್ಡಿಯನ್ನು ಚೂಪು ಮಾಡಿ, ಬಾಲ್ಡರನ ಕುರುಡು ತಮ್ಮನ ಕೈಗಿಟ್ಟು, ‘ಆಟಕ್ಕೆ ನೀನೂ ಒಂದು ಎಸಿ’ ಅಂದ. ಅವನು ಎಸೆದ. ಅಣ್ಣ ಸತ್ತು ಬಿದ್ದ.

ಪೆನ್ನಪ್ಪನ ಪೆನ್ನು ಅಲ್ಲಿ ಒಂದು ಗಳಿಗೆ ನಿಂತಿತು. ಆ ಕುರುಡು ತಮ್ಮ, ತನ್ನ ಕೈಯಿಂದ ಏನಾಯಿತು ಅಂತ ಗೊತ್ತಿಲ್ಲದೆ ಕೈ ಚಾಚಿಕೊಂಡೇ ನಿಂತಿರುವುದು ಅವನ ಕಣ್ಣಿಗೆ ಕಟ್ಟಿತು.

“ಸತ್ತವರ ಲೋಕದ ಒಡತಿ ಹೆಲ್ ಹೇಳಿದಳು ಕೋಲನ್” ಅಂತ ಹೆಂಡತಿ ಮುಂದುವರಿಸಿದಳು. “ಲೋಕದಲ್ಲಿರುವ ಪ್ರತಿಯೊಂದೂ ಅವನಿಗಾಗಿ ಅತ್ತರೆ ಕಾಮಾ ಅವನನ್ನು ವಾಪಸ್ಸು ಕಳಿಸುತ್ತೇನೆ ಫುಲ್‌ಸ್ಟಾಪ್. ಹೊಸ ಪ್ಯಾರಾ. ಮನುಷ್ಯರು ಅತ್ತರು ಫುಲ್‌ಸ್ಟಾಪ್. ಮರಗಳು ಅತ್ತವು ಫುಲ್‌ಸ್ಟಾಪ್. ಕಬ್ಬಿಣ ಅತ್ತಿತು ಫುಲ್‌ಸ್ಟಾಪ್. ಕಲ್ಲು ಅತ್ತಿತು ಫುಲ್‌ಸ್ಟಾಪ್.”

ಅವನ ಕೈ ತಾನಾಗಿಯೇ ‘ಅತ್ತವು’ ಅನ್ನುವುದರ ಮೇಲೆ ಬಂದಿತ್ತು. ಅಂಚಿನಲ್ಲಿ ‘ಪು’ ಅಂತ ಬರೆದೂ ಆಗಿತ್ತು. ಹೆಂಡತಿ ಓದು ನಿಲ್ಲಿಸಿ ಆ ಅಕ್ಷರವನ್ನೇ ನೋಡಿದಳು. ಅವನು ಪೆನ್ನೆತ್ತಿದ.

“ಗುಹೆಯಲ್ಲಿದ್ದ ಒಬ್ಬ ಮುದುಕಿ ಮಾತ್ರ ಅಳಲಿಲ್ಲ ಫುಲ್‌ಸ್ಟಾಪ್. ಅವಳು ಮಾರುವೇಷದ ಲೋಕಿಯೇ ಅನ್ನುತ್ತಾರೆ ಫುಲ್‌ಸ್ಟಾಪ್. ಅವಳೊಬ್ಬಳಿಂದಾಗಿ ಬಾಲ್ಡರ್ ಮನೆಗೆ ಬರಲಿಲ್ಲ ಫುಲ್‌ಸ್ಟಾಪ್.” ಉಸಿರು ತಗೊಂಡಳು. ದನಿ ಬದಲಾಯಿಸದೆ, ಹಾಳೆಯಿಂದ ಕಣ್ಣೆತ್ತದೆ ಓದುತ್ತಲೇ ಹೋದಳು. “ಮಗಳು ಮೂರು ಸಲ ಕೇಳಿದಳು ಫುಲ್‌ಸ್ಟಾಪ್.”

ಪೆನ್ನಪ್ಪ ಪ್ರೂಫಿನಲ್ಲಿ ಹುಡುಕಿದ. ಸಾಲು ಇರಲಿಲ್ಲ. ಅವಳ ಜೊತೆ ಮಾತಿಲ್ಲ ಅನ್ನುವುದೇ ಮರೆತು, “ಅದು ಪ್ರೂಫಲ್ಲಿಲ್ಲ” ಅಂದ.

“ಮೂಲದಲ್ಲಿದೆ” ಅಂದಳು.

ಮೂಲದಲ್ಲಿದ್ದು ಪ್ರೂಫಿನಲ್ಲಿ ಬಿಟ್ಟುಹೋದರೆ ಏನು ಮಾಡಬೇಕು ಅಂತ ಮೂವತ್ತೊಂದು ವರ್ಷದ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಚಿನಲ್ಲಿ ಬರೆದುಕೊಂಡ: ಮಗಳು ಮೂರು ಸಲ ಕೇಳಿದಳು.

“ಅದರಲ್ಲಿ ಎರಡನ್ನು ಅಪ್ಪ ಹೊಡೆದುಹಾಕಿದ ಫುಲ್‌ಸ್ಟಾಪ್.”

ಬರೆದುಕೊಂಡ.

“ಉಳಿದ ಒಂದಕ್ಕೂ ಈವರೆಗೆ ಉತ್ತರ ಕೊಟ್ಟಿಲ್ಲ ಫುಲ್‌ಸ್ಟಾಪ್.”

ಅದನ್ನೂ ಬರೆದ. ಫುಲ್‌ಸ್ಟಾಪ್ ಇಟ್ಟ. ಆಮೇಲೆ ತಾನು ಬರೆದದ್ದನ್ನು ಓದಿದ. ತನ್ನದೇ ಕೈ, ತನ್ನದೇ ಕೆಂಪು ಶಾಯಿ. ಒಂದು ತಪ್ಪಿರಲಿಲ್ಲ.

ಹೆಂಡತಿ ಮೂಲಪ್ರತಿಯ ಕಟ್ಟಿನ ಅಡಿಯಿಂದ ನಾಲ್ಕು ಹಾಳೆ ತೆಗೆದು ಅವನ ಪ್ರೂಫಿನ ಮೇಲಿಟ್ಟಳು. ಎಂಟು ತಿಂಗಳು ಅವಳು ನಿಘಂಟಿನೊಳಗೆ ಜೋಪಾನ ಮಾಡಿದ್ದ ಕಾಗದ. ಅವಳ ಕಣ್ಣಿಂದ ದಳದಳ ನೀರು ಇಳಿಯುತ್ತಿತ್ತು. “ನನ್ನ ಗಂಟಲು ಹೋಯ್ತು” ಅಂದಳು, ಎದ್ದು ಒಳಗೆ ಹೋದಳು.

ಪೆನ್ನಪ್ಪ ಪೆನ್ನನ್ನು ದೂರ ಸರಿಸಿ, ಬರಿಗೈಯಲ್ಲಿ ಕೂತು ಕಾಗದ ಓದಿದ. ಮೊದಲ ಸಲ ಓದಿದಾಗ ಅವನಿಗೆ ಕಂಡದ್ದು ಅಕ್ಷರ. ಈಗ ಬೇರೆ ಏನೇನೋ ಕಂಡವು. ಮೊದಲ ಪುಟ ನೀಲಿ ಶಾಯಿ, ಅಕ್ಷರ ನೆಟ್ಟಗಿದೆ. ಎರಡನೇ ಪುಟದಲ್ಲಿ ಅಕ್ಷರ ಓಡಿದೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಬರೆದ ಹಾಗೆ ಎಣ್ಣೆಯ ಒಂದು ಕಲೆ ಇದೆ. ನಾಲ್ಕನೇ ಪುಟ ಪೆನ್ಸಿಲಿನಲ್ಲಿದೆ. ಅಯ್ಯೋ ದೇವರೇ, ಇದು ಒಂದೇ ಸಲ ಕೂತು ಬರೆದ ಕಾಗದವೇ ಅಲ್ಲ. ಮೂರು ಬೇರೆ ಬೇರೆ ದಿನ ಬರೆದದ್ದು. ಮೊದಲ ದಿನ ಕೇಳಿದಳು, ಕಳಿಸಲು ಧೈರ್ಯ ಬರಲಿಲ್ಲ. ಇನ್ನೊಂದು ದಿನ ಮತ್ತೆ ಕೇಳಿದಳು, ಆಗಲೂ ಬರಲಿಲ್ಲ. ಮೂರನೇ ದಿನ, ಪೆನ್ನು ಕೂಡ ಹುಡುಕುವ ತಾಳ್ಮೆಯಿಲ್ಲದೆ, ಸಿಕ್ಕ ಪೆನ್ಸಿಲಿನಲ್ಲಿ ಕೇಳಿ ಅಂಚೆಗೆ ಹಾಕಿದಳು. ಮೂರು ದಿನದ ಸಂಕಟಕ್ಕೆ ಅವನು ಬರೆದ ಉತ್ತರ ‘ಪುನರುಕ್ತಿ’.

ಆಗ ಬಂತು ನೋಡಿ ಅಳು. ಎಂಟು ತಿಂಗಳಿಂದ ಎಲ್ಲಿ ಅಡಗಿತ್ತೋ. ಮೇಜಿಗೆ ಹಣೆಯಿಟ್ಟು ಹೆಗಲು ಕುಣಿಯುವಂತೆ ಅತ್ತ. ಬಾಗಿಲ ಸಂದಿಯಿಂದ ಹೆಂಡತಿ ನೋಡಿದಳು, ಒಳಗೆ ಬರಲಿಲ್ಲ.

ಸಾವರಿಸಿಕೊಂಡು ಅದೇ ಕೆಂಪು ಪೆನ್ನು ತೆಗೆದ. ಎರಡನೇ ಪುಟದಲ್ಲಿ ತಾನು ಹೊಡೆದ ಸಾಲಿನ ಕೆಳಗೆ ಚುಕ್ಕಿ ಇಡುತ್ತ ಹೋದ. ಒಂದೊಂದು ಅಕ್ಷರಕ್ಕೆ ಒಂದೊಂದು ಚುಕ್ಕಿ. ಕಣ್ಣಿನ ಪೊರೆಗೆ ಸಾಲು ಅಲ್ಲಾಡುತ್ತಿತ್ತು, ಬೆರಳಿಟ್ಟು ಇಟ್ಟ. ‘ಪುನರುಕ್ತಿ’ಯನ್ನು ಹೊಡೆದು, ಪಕ್ಕದಲ್ಲಿ ‘ಇರಲಿ’ ಅಂತ ಬರೆದ. ನಾಲ್ಕನೇ ಪುಟಕ್ಕೂ ಹಾಗೇ ಮಾಡಿದ. ಆಮೇಲೆ ಮೊದಲ ಪುಟಕ್ಕೆ ಬಂದು, ‘ಮನೆಗೆ ಬಂದುಬಿಡಲಾ?’ ಅನ್ನುವುದರ ಮುಂದೆ ಬರೆದ: ‘ಬಾ.’ ಎರಡನೇದರ ಮುಂದೆ ಬರೆದ: ‘ಬಾ.’ ಪೆನ್ಸಿಲಿನ ಸಾಲಿನ ಮುಂದೆ ಇನ್ನೊಂದು ಸಲ: ‘ಬಾ.’ ಓದಿ ನೋಡಲಿಲ್ಲ. ಓದಿದರೆ ತಿದ್ದುತ್ತೇನೆ ಅಂತ ಅವನಿಗೇ ಭಯ.

ಬಾಲ್ಡರನ ಆ ಪುಟವನ್ನು ಪ್ರೆಸ್ಸಿಗೆ ಹೇಗೆ ಕಳಿಸುವುದು? ಇನ್ನೊಂದು ಪ್ರತಿ ಬೇಕು ಅಂತ ಗುರುವಾರ ಯಜಮಾನನಿಗೆ ಹೇಳಿದ. “ಯಾಕೆ, ಮೊದಲಿನದಕ್ಕೆ ಏನಾಯ್ತು?” “ತಿದ್ದುಪಡಿ ಜಾಸ್ತಿ ಆಯ್ತಪ್ಪ” ಅಂದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ವ್ಯಾನ್ ಬಂತು. ಡ್ರೈವರ್ ಹಗ್ಗ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ. “ಅಲಮಾರಿ, ಮಂಚ, ಮೆಷಿನ್ನು, ಮೂರೇ ಅಲ್ವಾ ಯಜಮಾನ್ರೇ?”

“ಅವು ಯಾವುದೂ ಇಲ್ಲ” ಅಂದ ಪೆನ್ನಪ್ಪ. ಒಗೆದ ಅಂಗಿ ಹಾಕಿದ್ದ, ಕಾಗದವನ್ನು ಜೇಬಿನಲ್ಲಿ ಮಡಿಸಿಟ್ಟಿದ್ದ. “ನಾನು ಬರ್ತೀನಿ.”

“ಅಯ್ಯೋ, ನನಗೆ ಸಾಮಾನು ತಾ ಅಂದಿದಾರೆ ಸಾರ್, ಅಪ್ಪನ್ನ ತಾ ಅಂದಿಲ್ಲ.”

“ಹಳೇ ಸಾಮಾನೇ ಅಂದ್ಕೊಳಪ್ಪ.”

ಡ್ರೈವರ್ ತಲೆ ಕೆರೆದುಕೊಂಡು ಕೆಳಗಿಳಿದ. ಪೆನ್ನಪ್ಪ ಹಿಂದೆಯೇ ಇಳಿದು ಅವನ ಪಕ್ಕದ ಸೀಟು ಹತ್ತಿದ. ಅಷ್ಟರಲ್ಲಿ ಹೆಂಡತಿ ಬಂದಳು, ಕೈಯಲ್ಲಿ ಫ್ಲಾಸ್ಕು. ವ್ಯಾನಿನ ಕಿಟಕಿಯ ಹತ್ತಿರ ನಿಂತು, ಎಂಟು ತಿಂಗಳ ಮೇಲೆ ಮೊದಲ ಸಲ ಅವನ ಮುಖ ನೋಡಿ ಕೇಳಿದಳು:

“ರೀ, ಚಾಳೀಸು ತಗೊಂಡ್ರಾ?”

“ಹೂಂ.”

“ಪೆನ್ನು?”

“ಇಲ್ಲ.”

“ಸರಿ. ಹೋಗಿ ಬನ್ನಿ.”

ದಾರಿಯಲ್ಲಿ ಡ್ರೈವರ್ ಎರಡು ಸಲ ಮಗಳಿಗೆ ಫೋನು ಮಾಡಿದ, ಅವಳು ಕೆಲಸದಲ್ಲಿದ್ದಳೋ ಏನೋ ಎತ್ತಲಿಲ್ಲ. ಅವನ ಹರಟೆಗೆ ಪೆನ್ನಪ್ಪ ಹೂಂ ಹೂಂ ಅಂದ. ಮೂರು ಗಂಟೆಯಲ್ಲಿ ಎಷ್ಟೋ ಅಂಗಡಿ ಬೋರ್ಡು ಹಿಂದೆ ಹೋದವು. ಒಂದೂ ಅವನಿಗೆ ಕಾಣಿಸಲಿಲ್ಲ.

ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆ. ಸಾಮಾನು ಇಳಿಸಿಕೊಳ್ಳಲು ಅರ್ಧ ದಿನ ರಜೆ ಹಾಕಿ ಮಗಳು ಆಗ ತಾನೇ ಬಂದಿದ್ದಳು. ಬಾಗಿಲು ತೆರೆದು, ಅಲಮಾರಿಯ ಜಾಗದಲ್ಲಿ ಅಪ್ಪ ನಿಂತಿರುವುದನ್ನು ನೋಡಿದಳು. ಎಷ್ಟು ಸೊರಗಿದ್ದಾಳೆ ಅಂದುಕೊಂಡ ಅವನು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ. ಜೇಬಿನಿಂದ ಕಾಗದ ತೆಗೆದು ಕೊಟ್ಟ.

ಅವಳು ಹೊಸಿಲಲ್ಲಿ ನಿಂತೇ ಓದಿದಳು. ಕೆಂಪು ಶಾಯಿ ಕಂಡ ಕೂಡಲೇ ಮುಖ ಗಂಟಾಯಿತು. ಪುಟ ತಿರುಗಿಸಿದಳು, ಚುಕ್ಕಿಗಳನ್ನು ನೋಡಿದಳು. ಚುಕ್ಕಿ ಅಂದರೆ ಏನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಆ ಮೇಜಿನ ಕೆಳಗೆ ಆಡಿ ಬೆಳೆದವಳು. ಒಂದನ್ನು ಬೆರಳಿನಿಂದ ಮುಟ್ಟಿದಳು. ನಾಲ್ಕನೇ ಪುಟ ಓದಿ ಕಾಗದ ಮಡಿಸಿದಳು.

“ಒಂದು ಸಲ ಬರೆದಿದ್ರೆ ಸಾಕಿತ್ತಲ್ಲಪ್ಪ” ಅಂದಳು.

“ಸಾಲದು ಅನ್ನಿಸ್ತು ಮಗ” ಅಂದ. “ನೀನು ಮೂರು ಸಲ ಕೇಳಿದ್ದೆ. ನನ್ನ ಕಣ್ಣಿಗೆ ಕಾಣಲಿಲ್ಲ. ತಪ್ಪಾಯ್ತು.”

ಅವಳು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. ಪೆನ್ನಪ್ಪ ಒಳಗೆ ಹೋಗಿ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತ. ನೆಲದ ಮೇಲೆ ಚಾಪೆ, ಮೂಲೆಯಲ್ಲಿ ಅವತ್ತಿನ ಅದೇ ಚೀಲ. ಮೇಜಿನ ಮೇಲೆ ಕೋಣೆಯ ಕರಾರು ಪತ್ರ ತೆರೆದಿತ್ತು, ಸಹಿಯ ಜಾಗ ಖಾಲಿ. ಮೊದಲ ಸಾಲಿನಲ್ಲೇ ಒಂದು ತಪ್ಪಿತ್ತು. ಅವನು ಮುಖ ಆ ಕಡೆ ತಿರುಗಿಸಿ ಕೂತ. ಮಗಳು ಅದನ್ನು ನೋಡಿದಳು, ಬೇಡ ಬೇಡ ಅಂದರೂ ಅವಳ ಬಾಯಂಚಿನಲ್ಲಿ ನಗು ಬಂತು, ನಗುವಿನ ಹಿಂದೆಯೇ ಅಳು. ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವನ ಮೊಣಕಾಲಿಗೆ ತಲೆ ಆನಿಸಿದಳು.

“ತುಂಬಾ ಸಾಕಾಗಿದೆ ಅಪ್ಪ” ಅಂದಳು. ಇದು ನಾಲ್ಕನೇ ಸಲ.

“ಹೇಳು” ಅಂದ ಅವನು. “ಇನ್ನೊಂದು ಸಲ ಹೇಳು.”

ಕೆಳಗಿನಿಂದ ಡ್ರೈವರ್ ಹಾರ್ನ್ ಹೊಡೆದ. ಆಮೇಲೆ ಕೂಗಿದ, “ಮೇಡಂ, ನಾನೇನು ಮಾಡ್ಲಿ? ಖಾಲಿ ವಾಪಸ್ ಹೋಗ್ಲಾ?”

ಮಗಳು ಎದ್ದು ಕಣ್ಣೊರೆಸಿಕೊಂಡು ಕಿಟಕಿಗೆ ಹೋದಳು.

“ಖಾಲಿ ಯಾಕ್ರೀ ಹೋಗ್ತೀರಾ?” ಅಂದಳು. “ಅರ್ಧ ಗಂಟೆ ಇರಿ. ಒಂದು ಚೀಲ ಇದೆ, ಇಬ್ಬರು ಜನ.”